ಮಹಾರಾಣಿಯ ಮಸುಕಾದ ಭಾವಚಿತ್ರ

ಜೂನ್ 4, ಬುಧವಾರ

ಸ್ವಸ್ತಿಶ್ರೀ! ಕಪಾಲದುರ್ಗಾಧೀಶ್ವರಿ, ನರನಾಡೀಮಂಡಲ ಸಾರ್ವಭೌಮೆ, ಎಡಬಲ ಗೋಳಾರ್ಧಗಳ ಏಕಮಾತ್ರ ಒಡತಿ, ನಿದ್ದೆಯಲ್ಲೂ ದರ್ಬಾರು ಮುಗಿಸದ, ಒಂದೂಕಾಲು ಕಿಲೋ ತೂಕದ ಮಹಾಮಹಿಮ ಮೆದುಳು ಮಹಾರಾಣಿಯವರ ಪಾದಾರವಿಂದಗಳಿಗೆ (ತಮಗೆ ಪಾದಗಳಿಲ್ಲವೆಂಬುದನ್ನು ಇಂದು ಕಣ್ಣಾರೆ ಕಂಡೆ, ಆದರೂ ಇರಲಿ) ಶೋಭಾಬಜಾರಿನ ನಿವಾಸಿ, ಇತಿಹಾಸದಲ್ಲಿ ಎಂ.ಎ. ಓದುತ್ತಿರುವಂತೆ ನಟಿಸುತ್ತಿರುವ, ಇಪ್ಪತ್ತೆರಡು ವರ್ಷದ ವಿಧೇಯ ಪ್ರಜೆ ಝಿನುಕ್ ಗುಹ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಸಂಗತಿ ಏನೆಂದರೆ, ಇಂದು ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಪ್ರಥಮ ದರ್ಶನವಾಯಿತು.

ತಿಂಗಳ ಮುಟ್ಟಿನ ನೋವು ತಡೆಯಲಾರದೆ ಡಾಕ್ಟರ ಬಳಿ ಹೋಗಿದ್ದೆನಷ್ಟೆ. ಅವರು ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರು. "ಮದುವೆಯಾಗದವಳಿಗೆ ಇದು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಹೊಟ್ಟೆನೋವಿನ ಮಾತ್ರೆ ಅನ್ನು, ಸುಳ್ಳೇನಲ್ಲ" ಅಂದರು. ಅವರ ಗೋಡೆಯ ಮೇಲೊಂದು ಕಾಗದ ಅಂಟಿಸಿತ್ತು: ಹಾರ್ಮೋನ್ ಮಾತ್ರೆ ಹೊಸದಾಗಿ ಶುರುಮಾಡುವ ಯುವತಿಯರು ಬೇಕಾಗಿದ್ದಾರೆ, ವಾರಕ್ಕೊಮ್ಮೆ ಮೆದುಳಿನ ಚಿತ್ರ ತೆಗೆದು ಏನಾದರೂ ಬದಲಾಗುತ್ತದೆಯೇ ನೋಡಲಾಗುವುದು. ಸಮಸ್ತ ಸ್ತ್ರೀಕುಲದ ಹಿತಕ್ಕಾಗಿ ನನ್ನ ಕಪಾಲವನ್ನು ಅಲ್ಲೇ, ಆ ಕ್ಷಣವೇ, ಧಾರೆಯೆರೆದುಬಿಟ್ಟೆ.

ಚಿತ್ರ ತೆಗೆಯುವ ಯಂತ್ರದ ದ್ವಾರಪಾಲಕರ ಹೆಸರು ಪೋಲ್ಟುದಾ. ಮೀಸೆ ದೊಡ್ಡದು, ನಗು ಇಲ್ಲ.

"ಮೈಯಲ್ಲಿ ಎಲ್ಲಾದ್ರೂ ಕಬ್ಬಿಣ, ಸ್ಟೀಲು, ಪಿನ್ನು?"

"ಹೃದಯ ಒಂದಿದೆ ಪೋಲ್ಟುದಾ. ಅಪ್ಪಟ ಕಬ್ಬಿಣ."

"ಬಿಚ್ಚಿ ಆ ಟ್ರೇನಲ್ಲಿಡು, ವಾಚಿನ ಪಕ್ಕ. ಹೋಗ್ತಾ ಮರೀಬೇಡ. ಹೋದ ವಾರ ಯಾರೋ ಬಿಟ್ಟು ಹೋಗಿದ್ದಾರೆ, ಇನ್ನೂ ನನ್ನ ಡ್ರಾಯರ್‌ನಲ್ಲೇ ಕೊಳೀತಿದೆ."

ನಾನು ಜನ್ಮದಲ್ಲಿ ಮೊದಲ ಸಲ ಸೋಲೊಪ್ಪಿಕೊಂಡು ಮಲಗಿದೆ. ತಲೆಗೆ ಪಂಜರ ತೊಡಿಸಿ, ಕೈಗೊಂದು ರಬ್ಬರ್ ಉಂಡೆ ಕೊಟ್ಟು, "ಹೆದರಿಕೆಯಾದ್ರೆ ಹಿಂಡು, ಸುಮ್ನೆ ತಮಾಷೆಗೆ ಹಿಂಡಿದ್ರೆ ಹೊರಗೇ ಬಿಡಲ್ಲ" ಅಂದು ಸುರಂಗಕ್ಕೆ ನೂಕಿದರು. ಒಳಗೆ ನಲವತ್ತು ನಿಮಿಷ ದುರ್ಗಾಪೂಜೆಯ ಢಾಕ್ ಡೋಲು ಬಡಿಯುವವರನ್ನೆಲ್ಲ ಒಂದು ಡಬ್ಬಿಯಲ್ಲಿ ತುಂಬಿ ಕುಲುಕಿದ ಹಾಗೆ ಸದ್ದು. ಅಲುಗಾಡಬಾರದು. ಮೂಗು ತುರಿಸಿತು. ಸ್ತ್ರೀಕುಲದ ಹಿತಕ್ಕಾಗಿ ಸಹಿಸಿದೆ.

ಆಮೇಲೆ ಸುದೇಷ್ಣಾದಿ ಕರೆದು ತೋರಿಸಿದರು. ಈ ಅಧ್ಯಯನ ಅವರದೇ. ಹತ್ತಿಸೀರೆ, ತಲೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಪೆನ್ನು ಹುಡುಕುವ ಮನುಷ್ಯೆ. ಪರದೆಯ ಮೇಲೆ ಬೂದುಬಣ್ಣದ ಮಡಿಕೆ, ಮಡಿಕೆಯೊಳಗೆ ಮಡಿಕೆ. ಅವರು ಗುಂಡಿ ತಿರುಗಿಸಿದಂತೆಲ್ಲ ನಾನು ತೆಳುತೆಳುವಾಗಿ ತೆರೆದುಕೊಂಡೆ, ತಿರುವಿಹಾಕುವ ಪುಸ್ತಕದ ಹಾಗೆ.

ಏನೋ ಚೇಷ್ಟೆ ಮಾತು ಬಾಯಿಗೆ ಬಂದಿತ್ತು. ಆಡುವ ಬದಲು ಪರದೆಗೆ ಇನ್ನೂ ಹತ್ತಿರ ಬಾಗಿದೆ. ಇದರಲ್ಲಿ ಎಲ್ಲೋ ಒಂದು ಕಡೆ ಹದಿಮೂರರ ಮಗ್ಗಿ ಇದೆ. ಅಪ್ಪ ಸಿಲಿಗುರಿಗೆ ವರ್ಗವಾಗಿ ಹೋದ ದಿನ ರೈಲಿನ ಕಿಟಕಿಯಲ್ಲಿ ಕಂಡ ಅವರ ಕೈ ಇದೆ. ಈ ದಿನಚರಿಯ ಮುಂದಿನ ವಾಕ್ಯ ಇದೆ, ನನಗೇ ಇನ್ನೂ ಗೊತ್ತಿಲ್ಲದ್ದು.

"ಇದು ನಾನಾ?" ಅಂದೆ.

"ನಿನ್ನ ಮನೆ," ಅಂದರು ಸುದೇಷ್ಣಾದಿ. "ನೀನು ಯಾವ ಕೋಣೇಲಿದ್ದೀ ಅಂತ ನಮಗೂ ಗೊತ್ತಿಲ್ಲ ಕಣಮ್ಮಾ."

ಹೊರಡುವಾಗ ಒಂದು ಫಾರಂ ಕೊಟ್ಟರು. ಮೂವತ್ತೈದು ದಿನಕ್ಕೆ ಮೂವತ್ತೈದು ಚೌಕ. ಪ್ರತಿದಿನ ಮಲಗುವ ಮುಂಚೆ ಆ ದಿನದ ಮನಸ್ಸಿಗೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಒಂದು ಅಂದರೆ ಪಾತಾಳ, ಐದು ಅಂದರೆ ಪರಮಾನಂದ. ಪ್ರಾಮಾಣಿಕವಾಗಿ ತುಂಬುತ್ತೇನೆಂದು ಎದೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದೆ.

ಜೂನ್ 5

ದಿದಿ ಬಂದಿದ್ದಳು, ದಮ್‌ದಮ್‌ನಿಂದ.

ನನ್ನ ಅಕ್ಕ ಮಂದಿರಾ ಶಾಲೆಯಲ್ಲಿ ಹಾಡು ಕಲಿಸುತ್ತಾಳೆ. ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತ ಹೋಗಿ ಹೋಗಿ ಈಗ ಸುಣ್ಣ ಬಳಿದ ಗೋಡೆಯ ಬಣ್ಣಕ್ಕೆ ಬಂದಿದ್ದಾಳೆ. ಗರ್ಭಕೋಶದಲ್ಲಿ ಗಡ್ಡೆ. ಆರು ತಿಂಗಳು ಹಾರ್ಮೋನ್ ಮಾತ್ರೆ ತಗೊಂಡು ನೋಡೋಣ, ಇಲ್ಲದಿದ್ದರೆ ಆಪರೇಷನ್ ಅಂತ ಅವಳ ಡಾಕ್ಟರು ಹೇಳಿದ್ದಾರೆ. ಅವಳು ಮಾತ್ರೆ ಕೊಂಡು ತಂದು ಅಕ್ಕಿಡಬ್ಬಿಯಲ್ಲಿ ಹೂತಿಟ್ಟಿದ್ದಾಳೆ.

ಯಾಕೆಂದರೆ ಮೂರು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಅವಳು ಒಂದು ವರ್ಷ ಇಂಥದ್ದೇ ಮಾತ್ರೆ ತಿಂದಿದ್ದಳು. ಆ ವರ್ಷವಿಡೀ ಅತ್ತಳು. ಹಾಡಿನ ಮಧ್ಯೆ ಸಾಲು ಮರೆತಳು. ಸೌಟು ಹಿಡಿದು ಒಲೆಯ ಮುಂದೆ ಯಾಕೆ ನಿಂತಿದ್ದೇನೆಂದು ತಿಳಿಯದೆ ನಿಂತಳು. "ಇದು ಮಾತ್ರೆಯಿಂದ" ಅಂದರೆ ಅತ್ತೆ ಮನೆಯಲ್ಲಿ ನಾಟಕ ಅಂದರು, ಡಾಕ್ಟರು ಎಲ್ಲ ನಿಮ್ಮ ತಲೆಯಲ್ಲಿ ಅಂದರು. ನಿಲ್ಲಿಸಿದ ಎರಡು ತಿಂಗಳಿಗೆ ಸರಿಹೋದಳು.

ನಾನು ಏನಂದೆ? ಅಭಿನಯಿಸಿದೆ. ಆ ವರ್ಷ ದುರ್ಗಾಪೂಜೆಯ ಕೊನೆಯ ದಿನ ಬಿಜಯಾದಂದು ನೆಂಟರೆಲ್ಲ ಸೇರಿದ್ದಾಗ 'ದಿದಿ ಮತ್ತು ಸೌಟು' ಎಂಬ ಏಕಪಾತ್ರಾಭಿನಯ ಪ್ರಥಮ ಪ್ರದರ್ಶನ ಕಂಡಿತು. ಕತ್ತು ಹೀಗೆ ವಾಲಿಸಿ, ಸೌಟು ಹೀಗೆ ಎತ್ತಿ. ಜನ ನಕ್ಕು ನಕ್ಕು ತೆಂಗಿನಕಾಯಿಯ ನಾಡೂ ಉಂಡೆ ಗಂಟಲಿಗೆ ಸಿಕ್ಕಿಸಿಕೊಂಡರು. ಅಂದಿನಿಂದ ಪ್ರತಿವರ್ಷ ಒತ್ತಾಯದ ಮೇರೆಗೆ ಮರುಪ್ರದರ್ಶನ. ದಿದಿಯೂ ನಗುತ್ತಾಳೆ.

ಇವತ್ತು ನಗಲಿಲ್ಲ. "ಝಿನುಕ್, ನೀನು ಮೊದಲು ತಗೊಳ್ತಿದ್ದೀಯಲ್ಲ, ನಿಂಗೆ ಹೆಂಗಾಗುತ್ತೆ ಅಂತ ನಂಗೆ ಹೇಳ್ತೀಯಾ? ತಮಾಷೆ ಬಿಟ್ಟು?"

"ಹೇಳ್ತೀನಿ ಕಣೇ."

"ನಿಜ ಹೇಳ್ಬೇಕು. ನಿನ್ನ ಮಾತು ನಂಬಿ ನಾನು ಶುರು ಮಾಡೋದೋ, ಕತ್ತಿಗೆ ಮೈಯೊಡ್ಡೋದೋ ತೀರ್ಮಾನ ಮಾಡ್ತೀನಿ. ಮತ್ತೆ ಆ ವರ್ಷ ಬಂದ್ರೆ ಈ ಸಲ ನಾನು ಎದ್ದು ಬರಲ್ಲ."

"ಲಿಖಿತ ರೂಪದಲ್ಲಿ, ಮೊಹರು ಒತ್ತಿ ಕೊಡ್ತೀನಿ," ಅಂದೆ.

ಮಾತ್ರೆ ಇಂದಿನಿಂದ ಆರಂಭ. ಅಜ್ಜಿ ಠಾಕುಮಾಳ ಕಣ್ಣಿಗೆ ಹೆಸರು ಬೀಳದಿರಲೆಂದು ಹೊರಗಿನ ರಟ್ಟು, ಒಳಗಿನ ಚೀಟಿ ಎಲ್ಲ ಹರಿದೆಸೆದು ಬರೀ ಪಟ್ಟಿಯನ್ನು ನಿಘಂಟಿನೊಳಗೆ ಇಟ್ಟಿದ್ದೇನೆ. ಇಪ್ಪತ್ತೊಂದು ಬಿಳಿ, ಏಳು ಕಂದು. ಊಟಕ್ಕೆ ಕೂತಾಗ ಠಾಕುಮಾ ಎಂದಿನಂತೆ ಹಾಗಲಕಾಯಿ ಬಡಿಸಿ, ನಾನು ಮೀನಿಗೆ ಕೈಹಾಕಿದ್ದಕ್ಕೆ ಸೌಟಿನಿಂದ ಬಾರಿಸಿದಳು. "ಸುಟ್ಟಮೋರೆಯವಳೇ! ಮೊದಲು ಕಹಿ, ಕೊನೇಗೆ ಸಿಹಿ. ಇಷ್ಟು ದೊಡ್ಡವಳಾದ್ರೂ ಊಟ ಮಾಡೋ ಕ್ರಮ ಗೊತ್ತಿಲ್ಲ."

ಕ್ರಮಪ್ರಕಾರವೇ ನಡೆದುಕೊಂಡೆ.

ಜೂನ್ 11, ಬುಧವಾರ

ಮಹಾರಾಣಿಯವರ ಎರಡನೇ ದರ್ಬಾರು. ಬಾಗಿಲಲ್ಲೇ ಒಂದು ಪುಟ್ಟ ಸೀಸೆ ರಕ್ತವನ್ನು ಪರೀಕ್ಷೆಗೆಂದು ಕಪ್ಪ ಒಪ್ಪಿಸಿದೆ. ಪೋಲ್ಟುದಾ ಕೇಳುವ ಮೊದಲೇ ಬಲಗೈ ಮುಷ್ಟಿ ಮಾಡಿ ಟ್ರೇಗೆ ಹೃದಯ ಇಟ್ಟೆ. ಅವರು ಕೈಗವಸು ಹಾಕಿಕೊಂಡು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಮಹಾನ್ ಕಲಾವಿದ.

ಸುದೇಷ್ಣಾದಿ ಇಂದು ಮೆದುಳಿನ ಆಳದಲ್ಲಿ, ಕಿವಿಯ ನೇರಕ್ಕೆ ಒಳಗೆ, ಪುಟ್ಟದೊಂದು ಬಳುಕನ್ನು ತೋರಿಸಿದರು. ಕಡಲಕುದುರೆಯ ಆಕಾರ. ಎಡಕ್ಕೊಂದು, ಬಲಕ್ಕೊಂದು. ನೆನಪುಗಳು ಮೊದಲು ಬಂದು ಇಳಿಯುವ ಛತ್ರ ಅದಂತೆ.

"ತಿಂಗಳ ಹಾರ್ಮೋನು ಏರಿ ಇಳಿದ ಹಾಗೆ ಇದೂ ಎಳೆಯಷ್ಟು ಉಬ್ಬಿ ಇಳಿಯುತ್ತೆ ಅಂತ ಕೆಲವರು ಕಂಡಿದ್ದಾರೆ."

"ಪ್ರತಿ ತಿಂಗಳಾ?"

"ಪ್ರತಿ ತಿಂಗಳು."

ಹನ್ನೆರಡನೇ ವಯಸ್ಸಿನಿಂದ ನನ್ನೊಳಗೆ ಹೂಗ್ಲಿ ನದಿಯ ಹಾಗೆ ಭರತ ಇಳಿತ ನಡೆಯುತ್ತಿದೆ, ಎರಡು ಕಡಲಕುದುರೆ ಅದರಲ್ಲಿ ತೇಲಿ ಮುಳುಗುತ್ತಿವೆ, ನಾನು ಮೇಲೆ ಕೂತು ಸಿನಿಮಾ ಟಿಕೆಟಿನ ಬಗ್ಗೆ ಜಗಳ ಆಡುತ್ತಿದ್ದೆ! ಯಾರಾದರೂ ಹೇಳಬಾರದಿತ್ತೇ?

"ಮಾತ್ರೆ ತಗೊಂಡ್ರೆ?"

"ದೇಹದ ಸ್ವಂತ ಏರಿಳಿತ ತಣ್ಣಗಾಗುತ್ತೆ. ಆಮೇಲೆ ಇದು ಏನ್ ಮಾಡುತ್ತೆ..." ಸುದೇಷ್ಣಾದಿ ತಲೆಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಹುಡುಕಿದರು. "ಸರಿಯಾಗಿ ಗೊತ್ತಿಲ್ಲ."

"ನನ್ನ ಅಜ್ಜಿ ಕಾಲದಿಂದ ಕೋಟ್ಯಂತರ ಹೆಂಗಸರು ನುಂಗ್ತಿದ್ದಾರೆ ಸುದೇಷ್ಣಾದಿ!"

"ಹೂಂ. ಮೆದುಳಿಗೆ ಏನಾಗುತ್ತೆ ಅಂತ ಕೂತು ನೋಡಿದೋರು ತುಂಬ ಕಮ್ಮಿ. ಎಷ್ಟೋ ಜನಕ್ಕೆ ಏನೂ ಆಗಲ್ಲ. ಕೆಲವರಿಗೆ ಮನಸ್ಸು ಹಗುರಾನೇ ಆಗುತ್ತೆ. ಕೆಲವರಿಗೆ ಮಂಕು ಕವಿಯುತ್ತೆ. ಯಾರಿಗೆ ಯಾವುದು ಅಂತ ಮುಂಚೆ ಹೇಳೋಕೆ ಬರಲ್ಲ. ಅದಕ್ಕೇ ನೀನು ಇಲ್ಲಿರೋದು. ಮಾತ್ರೆ ಸರಿಯಾಗಿ ತಗೊಳ್ತಿದ್ದೀಯ ತಾನೆ?"

"ಶಾಸ್ತ್ರೋಕ್ತವಾಗಿ."

ಇಡೀ ದಾರಿ ಮೆಟ್ರೋದಲ್ಲಿ ಎದುರು ಕೂತ ಹೆಂಗಸರ ಕಿವಿಗಳನ್ನೇ ನೋಡಿಕೊಂಡು ಬಂದೆ. ಮೀನಿನ ಬುಟ್ಟಿಯವಳು, ಪೊಲೀಸಿನವಳು, ನಿದ್ದೆ ಹೋಗಿದ್ದ ಟೀಚರು. ಎಲ್ಲರ ಒಳಗೂ ಜೋಡಿ ಕಡಲಕುದುರೆ. ಪೊಲೀಸಿನವಳು "ಏನೇ ನೋಡ್ತೀಯ?" ಅಂದಳು.

ಜೂನ್ 12

ಏಳು ದಿನ ಸಂಪೂರ್ಣ. ಕಹಿ ಮುಗಿಯಿತು, ಇಂದಿನಿಂದ ಬಿಳಿ.

ಮಹಾರಾಣಿಯವರ ಆರೋಗ್ಯ ಅತ್ಯುತ್ತಮ. ಹಸಿವು ಹುಲಿಯದು, ನಿದ್ದೆ ಕರಡಿಯದು. ಠಾಕುಮಾಳ ಹಲ್ಲುಸೆಟ್ಟನ್ನು ಸಕ್ಕರೆ ಡಬ್ಬಿಯಲ್ಲಿಟ್ಟು ಒಂದು ಗಂಟೆ ಕಾಲ ಅವಳಿಂದ ಹಲ್ಲಿಲ್ಲದ ಬೈಗುಳ ತಿಂದೆ. ಸಂಜೆ ದಿದಿಯ ಮನೆಗೆ ಹೋಗಿ ಈ ಕೆಳಕಂಡ ಪತ್ರವನ್ನು ಗಟ್ಟಿಯಾಗಿ ಓದಿ ಒಪ್ಪಿಸಿದೆ:

'ಹಾರ್ಮೋನ್ ಗುಳಿಗೆಯನ್ನು ಸಪ್ತಾಹ ಪರ್ಯಂತ ಸೇವಿಸಿ, ಸ್ವಾನುಭವದಿಂದ ಪರೀಕ್ಷಿಸಿ, ಅದು ನಿರಪಾಯಕಾರಿಯೂ ಉಲ್ಲಾಸದಾಯಕವೂ ಆಗಿದೆಯೆಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ. ಮಂದಿರಾ ದೇವಿಯವರು ನಿರ್ಭಯವಾಗಿ ಸೇವಿಸಬಹುದು.'

ಕೆಳಗೆ ಲಿಪ್‌ಸ್ಟಿಕ್ ಬಳಿದ ತುಟಿಯಿಂದ ಮೊಹರು.

ದಿದಿ ಅದನ್ನು ಎರಡು ಸಲ ಓದಿದಳು. "ನಿಜವಾಗ್ಲೂ ಏನೂ ಅನ್ಸಿಲ್ವಾ?"

"ಹುಲಿ ಥರ ಇದ್ದೀನಿ ಕಣೇ."

"ಹಂಗಾದ್ರೆ..." ಅಂದಳು. ಪತ್ರ ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡಳು. ಮುಂದಿನ ಮುಟ್ಟು ಬಂದ ದಿನ, ಜುಲೈ ಮೊದಲ ವಾರ, ಶುರುಮಾಡುತ್ತಾಳಂತೆ.

ಜೂನ್ 18, ಬುಧವಾರ

ದರ್ಬಾರು ನಡೆಯಿತು. ಚಿತ್ರ ಚೆನ್ನಾಗಿ ಬಂದಿದೆಯಂತೆ. ಸುದೇಷ್ಣಾದಿ ಮತ್ತೆ ಕಡಲಕುದುರೆ ತೋರಿಸಿದರು. ನೋಡಿದೆ.

ಪೋಲ್ಟುದಾಗೆ ಹೇಳಲೆಂದು ರೈಲಿನಲ್ಲಿ ಒಂದು ಜೋಕು ತಯಾರು ಮಾಡಿದ್ದೆ. ಹೇಳುವ ಹೊತ್ತಿಗೆ ಅದು ಅಷ್ಟೇನೂ ಚೆನ್ನಾಗಿಲ್ಲ ಅನಿಸಿತು. ಸೆಖೆ ಜಾಸ್ತಿ. ಈ ಸಲ ಎಲ್ಲರಿಗೂ ಸುಸ್ತೇ.

ಜೂನ್ 22

ಠಾಕುಮಾ ಹಲ್ಲುಸೆಟ್ಟು ಸ್ನಾನದ ಮನೆಯಲ್ಲಿ ಬಿಟ್ಟಿದ್ದಳು. ತಂದುಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, "ಏನ್ ಹಚ್ಚಿದ್ದೀಯೇ ಇದಕ್ಕೆ? ಮೆಣಸಿನಪುಡೀನಾ?" ಅಂದಳು. ಏನೂ ಇಲ್ಲ ಅಂದರೆ ನಂಬದೆ ಮೂರು ಸಲ ತೊಳೆದಳು.

ಪ್ರಬಂಧದ ಎರಡು ಪುಟ ಓದಿದೆ. ಅದೇ ಎರಡು ಪುಟ ನಿನ್ನೆಯೂ ಓದಿದ್ದೆನಂತೆ, ಅಡಿಗೆರೆ ಎಳೆದಿದ್ದೆ.

ಜೂನ್ 25, ಬುಧವಾರ

"ಮೈಯಲ್ಲಿ ಕಬ್ಬಿಣ, ಸ್ಟೀಲು?"

"ಇಲ್ಲ."

ಪೋಲ್ಟುದಾ ಸ್ವಲ್ಪ ಹೊತ್ತು ಟ್ರೇ ಹಿಡಿದು ನಿಂತೇ ಇದ್ದರು. "ಇವತ್ತು ಹೃದಯ ಎಲ್ಲಿ ಬಿಟ್ಟು ಬಂದೆ?" ಅಂದರು. ಅವರು ತಾವಾಗಿ ಆಡಿದ ಮೊದಲ ತಮಾಷೆ. ನಗಬೇಕಿತ್ತು.

ಯಂತ್ರದ ಒಳಗೆ ಏಸಿ ಸೋರುತ್ತಿದೆ. ಹೊರಬಂದಾಗ ಎರಡೂ ಕಿವಿಯೊಳಗೆ ನೀರು. ಪೋಲ್ಟುದಾಗೆ ಹೇಳಿದೆ. "ಹೂಂ, ರಿಪೇರಿ ಮಾಡಿಸ್ಬೇಕು" ಅಂದು ಟವೆಲು ಕೊಟ್ಟರು.

ಜೂನ್ 28

ದಮ್‌ದಮ್‌ಗೆ ಹೊರಟವಳು ಒಂದು ಸ್ಟೇಷನ್ ಮುಂಚೆ, ಬೆಲ್ಗಾಛಿಯಲ್ಲೇ ಇಳಿದೆ. ಇಳಿದು ಬೆಂಚಿನ ಮೇಲೆ ಕೂತೆ. ಮೂರು ರೈಲು ಹೋದವು. ವಾಪಸು ಬಂದೆ.

ಜುಲೈ 1

ಏನೂ ಇಲ್ಲ.

ಜುಲೈ 2, ಬುಧವಾರ

ಹೋಗಿ ಬಂದೆ. ಏಸಿ ಇನ್ನೂ ರಿಪೇರಿಯಾಗಿಲ್ಲ.

ಜುಲೈ 3

ದಿದಿ ನನ್ನನ್ನು ಮೇಜಿನ ಮುಂದೆ ಕೂರಿಸಿ, ಪೆನ್ನು ಕೈಗಿಟ್ಟು, "ಮರೆಯೋಕೆ ಮುಂಚೆ ಬರಿ" ಅಂದು ಒಳಗೆ ಠಾಕುಮಾ ಜೊತೆ ಕೂತಿದ್ದಾಳೆ. ಆದ್ದರಿಂದ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬೇಳೆಗೆ ಒಗ್ಗರಣೆ ಹಾಕು ಅಂದು ಠಾಕುಮಾ ಪೂಜೆಗೆ ಹೋಗಿದ್ದಳು. ಅಡುಗೆಮನೆಗೆ ಹೋದೆ. ಅಲ್ಲಿ ನಿಂತಿದ್ದೆ. ಎಷ್ಟು ಹೊತ್ತು ಗೊತ್ತಿಲ್ಲ. ಹಿಂದಿನಿಂದ ದಿದಿಯ ದನಿ ಬಂತು.

"ನಿಲ್ಲಿಸೇ, ಝಿನುಕ್."

ನಾನು ತಿರುಗಲಿಲ್ಲ.

"ಬೇರೆ ಯಾವತ್ತಾದ್ರೂ ಮಾಡು, ನಗ್ತೀನಿ. ಇವತ್ತು ಬೇಡ. ಇವತ್ತು ಸಂಜೆ ಮೊದಲನೇ ಮಾತ್ರೆ ನುಂಗ್ಬೇಕು ನಾನು, ಧೈರ್ಯ ತಗೊಂಡು ಹೋಗೋಣ ಅಂತ ಬಂದ್ರೆ ಇದನ್ನ ತೋರಿಸ್ತೀಯಾ? ಅದೇ ಕತ್ತು, ಅದೇ ಸೌಟು. ಮೂರು ವರ್ಷದಿಂದ ಅದನ್ನೇ ಆಡ್ತಿದ್ದೀಯ, ನಿಂಗೆ ಬೇಜಾರೂ ಆಗಲ್ವಾ?"

ಆಗ ನನ್ನ ಕೈ ನೋಡಿದೆ. ಸೌಟು ಇತ್ತು.

"ಝಿನುಕ್?"

ಬೇಳೆ ಸೀದು ಹೊಗೆ ಬರುತ್ತಿತ್ತು. ದಿದಿ ಬಂದು ಗ್ಯಾಸ್ ಆರಿಸಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೌಟು ತಗೊಂಡಳು. ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಅವಳು ನನ್ನ ಮುಖವನ್ನು ಹಾಗೆ ಯಾವತ್ತೂ ನೋಡಿಲ್ಲ. ಕಳೆದುಹೋದ ತನ್ನದೇ ವಸ್ತು ಬೇರೆಯವರ ಮನೆಯಲ್ಲಿ ಸಿಕ್ಕ ಹಾಗೆ.

"ನಾಟಕ ಅಲ್ಲ," ಅಂದಳು. ಪ್ರಶ್ನೆಯಲ್ಲ.

"ಸೆಖೆ," ಅಂದೆ. "ಎಲ್ಲರಿಗೂ ಸುಸ್ತು."

"ಎಷ್ಟು ದಿನದಿಂದ?"

"ನಂಗೇನೂ ಆಗಿಲ್ಲ ದಿದಿ. ಮಾತ್ರೆ ಕೂಡ ನಿನ್ನೆಗೆ ಮುಗೀತು."

"ಪಟ್ಟಿ ತೋರಿಸು."

ನಿಘಂಟಿನಿಂದ ತಂದುಕೊಟ್ಟೆ. ಇಪ್ಪತ್ತೆಂಟು ಗುಳಿಯೂ ಖಾಲಿ. ಅವಳು ಬೆರಳಿಟ್ಟು ನೋಡಿದಳು. "ಕೊನೇದು ಯಾವ್ದು ತಿಂದೆ?"

"ಬಿಳಿ."

"ಬಿಳೀನಾ? ಹಂಗಾದ್ರೆ ಕಂದು?"

"ಅವು ಮೊದಲ ವಾರವೇ ಆಯ್ತು. ಕಹಿ ಮೊದಲಲ್ವಾ?"

ದಿದಿ ನನ್ನನ್ನೇ ನೋಡಿದಳು. ಅವಳ ಬಾಯಿ ಒಂದು ಕಡೆಗೆ ಎಳೆಯಿತು. ಆಮೇಲೆ ಗೋಡೆಗೆ ಒರಗಿದಳು, ಆಮೇಲೆ ನೆಲಕ್ಕೆ ಕುಸಿದಳು. ನಗು. ಸೆರಗು ಬಾಯಿಗೆ ತುರುಕಿಕೊಂಡು, ಹೊಟ್ಟೆ ಹಿಡಿದುಕೊಂಡು ನಗು. ಠಾಕುಮಾ ಪೂಜೆ ಬಿಟ್ಟು ಓಡಿಬಂದಳು.

"ಠಾಕುಮಾ, ನಿನ್ನ ಮೊಮ್ಮಗಳು ಮಾತ್ರೆ ಪಟ್ಟೀನ ಹಬ್ಬದೂಟ ಮಾಡ್ದಂಗೆ ಮಾಡಿದಾಳೆ! ಮೊದಲು ಹಾಗಲಕಾಯಿ, ಆಮೇಲೆ ಪಾಯಸ! ಲೇ ಕತ್ತೆ, ಕಂದು ಮಾತ್ರೇಲಿ ಹಾರ್ಮೋನೇ ಇರಲ್ಲ ಕಣೇ. ಬರೀ ಕಬ್ಬಿಣ. ಅದು ಕೊನೇ ವಾರಕ್ಕೆ."

"ಸರಿಯಾಗೇ ಮಾಡಿದ್ದಾಳಲ್ಲ," ಅಂದಳು ಠಾಕುಮಾ, ಏನೂ ಅರ್ಥವಾಗದೆ. "ಕಹಿ ಮೊದಲೇ ತಿನ್ಬೇಕು."

ದಿದಿ ಪರ್ಸಿನಿಂದ ನನ್ನ ಪ್ರಮಾಣಪತ್ರ ತೆಗೆದಳು. ಕೆಂಪು ತುಟಿಯ ಗುರುತು ಮಡಿಕೆಯಲ್ಲಿ ಒಡೆದಿತ್ತು. "ಹಂಗಾದ್ರೆ ಇದು?"

"ಕಬ್ಬಿಣಕ್ಕೆ," ಅಂದೆ.

"ಹುಲಿ ಥರ ಇದ್ದೀನಿ ಅಂದ್ಯಲ್ಲೇ."

"ಕಬ್ಬಿಣದ ಹುಲಿ."

ಮತ್ತೆ ನಗಲು ಹೊರಟವಳು ನಿಲ್ಲಿಸಿದಳು. ನನ್ನ ಕೆನ್ನೆಯ ಮೇಲೆ ಏನೋ ಇಳಿಯುತ್ತಿತ್ತು, ಅದಕ್ಕೆ. ನನಗೆ ದುಃಖವೇನೂ ಇರಲಿಲ್ಲ. ಆಣೆ ಮಾಡಿ ಬರೆಯುತ್ತೇನೆ, ಯಾವ ದುಃಖವೂ ಇರಲಿಲ್ಲ, ನೀರು ಮಾತ್ರ ಬರುತ್ತಿತ್ತು. ಏಸಿ ಎಲ್ಲಿಂದ ಬರಬೇಕು ನಮ್ಮ ಅಡುಗೆಮನೆಗೆ?

ದಿದಿ ನನ್ನನ್ನೂ ನೆಲದ ಮೇಲೆ ಕೂರಿಸಿ, ಪಕ್ಕ ಜರುಗಿ ಕೂತು, ಸೀದ ಬೇಳೆಯ ಪಾತ್ರೆ ಮಡಿಲಲ್ಲಿಟ್ಟುಕೊಂಡು ತೆಂಗಿನ ಚಿಪ್ಪಿನಿಂದ ಕೆರೆಯುತ್ತಿದ್ದಳು. ಕೆರೆಯುತ್ತಲೇ, "ಒಳಗಡೆ ಹಿಂಗಿತ್ತು ಅಂತ ಯಾರಿಗೂ ಹೇಳೋಕಾಗ್ಲಿಲ್ಲ ನಂಗೆ," ಅಂದಳು. "ಈಗ ನಿಂಗೆ ಹೇಳೋ ಅಗತ್ಯಾನೇ ಇಲ್ಲ."

ಅವಳು ಇವತ್ತು ಮಾತ್ರೆ ಶುರು ಮಾಡಿಲ್ಲ.

ಜುಲೈ 9, ಬುಧವಾರ

ನನ್ನ ಡಾಕ್ಟರು ಎರಡನೇ ಪಟ್ಟಿ ಬೇಡವೆಂದಿದ್ದಾರೆ. ದಿದಿಯನ್ನು ಕರೆದುಕೊಂಡು ಕೊನೆಯ ದರ್ಬಾರಿಗೆ ಹೋದೆ. ತಪ್ಪೊಪ್ಪಿಕೊಳ್ಳಲು ಭಾಷಣ ತಯಾರಿಸಿದ್ದೆ, ಸುದೇಷ್ಣಾದಿ ಮೊದಲೇ ಬಾಯಿ ಹಾಕಿದರು.

"ನಿನ್ನ ಮೊದಲ ವಾರದ ರಕ್ತದ ವರದಿ ಬಂತು. ಮಾತ್ರೆ ತಿಂದೋಳ ರಕ್ತವೇ ಅಲ್ಲ ಅದು."

ದಿದಿ ಹಾಗಲಕಾಯಿ ಪುರಾಣ ಹೇಳಿದಳು. ಸುದೇಷ್ಣಾದಿ ಬಂಗಾಳಿಯೇ ತಾನೆ, ಬಯ್ಯಲು ಹೊರಟವರಿಗೆ ಬಯ್ಯಲಾಗಲಿಲ್ಲ. "ಪಟ್ಟಿ ಮೇಲೆ ಬಾಣದ ಗುರುತು ಹಾಕಿದೋರು ನಮ್ಮೂರಲ್ಲಿ ಊಟ ಮಾಡಿಲ್ಲ" ಎಂದಷ್ಟೇ ಅಂದು, ಅಧ್ಯಯನದ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಇನ್ನು ಮೇಲೆ ಪ್ರತಿಯೊಬ್ಬರಿಗೂ ಪಟ್ಟಿ ತಂದು ತೋರಿಸಲು ಹೇಳುತ್ತಾರಂತೆ.

ಆಮೇಲೆ ಪರದೆ ಹೊತ್ತಿಸಿದರು. ಐದು ವಾರದ ಐದು ಚಿತ್ರ, ಸಾಲಾಗಿ. ಮೊದಲ ಮೂರು ಸ್ಪಷ್ಟ. ನಾಲ್ಕು ಮತ್ತು ಐದು ಹಾಗಲ್ಲ. ಮಡಿಕೆಗಳ ಅಂಚಿನಲ್ಲಿ ನೆರಳಿನ ಮೇಲೆ ನೆರಳು. ನೀರಿಗೆ ಕಲ್ಲು ಬಿದ್ದಾಗ ಏಳುವಂಥ ಉಂಗುರಗಳು. ಮಹಾರಾಣಿಯವರನ್ನು ಯಾರೋ ಮಳೆ ಬಿದ್ದ ಕಿಟಕಿಯಾಚೆ ನಿಲ್ಲಿಸಿ ನೋಡಿದ ಹಾಗೆ.

"ಮೆದುಳು ಹಿಂಗಾಗ್ಬಿಟ್ಟಿದೆಯಾ?" ದಿದಿ ನನ್ನ ಕೈ ಹಿಡಿದಳು.

"ಇಲ್ಲಮ್ಮ. ಮೆದುಳು ಹಾಗೇ ಇದೆ. ಅಳತೇಲಿ ಏನಾದ್ರೂ ವ್ಯತ್ಯಾಸ ಇದ್ರೂ ಒಬ್ಬಳ ಚಿತ್ರದಿಂದ ಹೇಳೋಕೆ ಬರಲ್ಲ, ನೂರು ಜನ ಬೇಕು. ಇದು ತಲೆ ಅಲುಗಿದ್ದು. ಸಣ್ಣಗೆ, ಬಿಟ್ಟು ಬಿಟ್ಟು, ನಲವತ್ತು ನಿಮಿಷ." ಸುದೇಷ್ಣಾದಿ ನನ್ನ ಕಡೆ ತಿರುಗಿದರು. "ನೀನು ಒಳಗೆ ಬಿಕ್ಕಿ ಬಿಕ್ಕಿ ಅಳ್ತಿದ್ದೆ."

"ಏಸಿ ಸೋರ್ತಿತ್ತು," ಅಂದೆ.

ಬಾಗಿಲಲ್ಲಿ ನಿಂತಿದ್ದ ಪೋಲ್ಟುದಾ ಮೀಸೆ ಎಳೆದುಕೊಂಡರು. "ಆ ಯಂತ್ರದೊಳಗೆ ಏಸೀನೇ ಇಲ್ಲ ಝಿನುಕ್."

ನಾನು ಆ ಉಂಗುರಗಳನ್ನು ನೋಡುತ್ತ ನಿಂತೆ. ಇಷ್ಟು ದಿನ ಯಂತ್ರ ನನ್ನ ಮೂಳೆಯ ಹಿಂದಿನದನ್ನು, ಕೂದಲಿಗಿಂತ ತೆಳುವಾದದ್ದನ್ನು ತೋರಿಸಿತ್ತು. ನನಗೇ ಗೊತ್ತಿಲ್ಲದ ಒಂದನ್ನೂ ತೋರಿಸಿದೆಯಲ್ಲ, ತೋರಿಸುವ ಉದ್ದೇಶವಿಲ್ಲದೆಯೇ! ರಾಣಿಯವರು ತಮ್ಮ ಪ್ರಜೆಯ ಬಳಿಯೂ ಗುಟ್ಟು ಮುಚ್ಚಿಟ್ಟಿದ್ದರು. ನಾನು ನನ್ನ ತಲೆಯೊಳಗೆ ಬಾಡಿಗೆಗೆ ಇರುವವಳು, ಅಷ್ಟೇ. ಮನೆಯ ಎಲ್ಲ ಕೋಣೆಗಳ ಬೀಗದಕೈ ನನ್ನಲ್ಲಿಲ್ಲ.

"ಇಂಥ ಚಿತ್ರಗಳನ್ನ ಏನು ಮಾಡ್ತೀರಿ?" ದಿದಿ ಕೇಳಿದಳು.

"ಕೆಟ್ಟುಹೋಗಿದೆ ಅಂತ ಎಸ್ದು ಬಿಡ್ತೀವಿ."

"ಇಷ್ಟು ವರ್ಷದಲ್ಲಿ ಎಷ್ಟು ಎಸ್ದಿದ್ದೀರಿ?"

ಸುದೇಷ್ಣಾದಿ ಕುರ್ಚಿಯನ್ನು ದಿದಿಯ ಕಡೆ ತಿರುಗಿಸಿದರು. "ನಿಮಗೂ ಆಗಿತ್ತಾ?" ಎಂದು ಕೇಳಿದರು. ದಿದಿ ಹೇಳಲು ಶುರುಮಾಡಿದಳು. ಹಾಡಿನ ಸಾಲು, ಸೌಟು, ಅತ್ತೆಯ ಮಾತು, ಡಾಕ್ಟರ ಮಾತು. ಸುದೇಷ್ಣಾದಿ ಪೆನ್ನು ಹುಡುಕಿದರು, ನಾನು ಅವರ ತಲೆಯಿಂದ ತೆಗೆದುಕೊಟ್ಟೆ. ಅವರು ತಾರೀಖು ಸಮೇತ ಬರೆದುಕೊಂಡರು. ಮೂರು ವರ್ಷದ ಮೇಲೆ ಅದನ್ನು ಯಾರೋ ಬರೆದುಕೊಂಡರು. ಹೇಳುವಾಗ ದಿದಿಯ ಕಾಲಬೆರಳುಗಳು ಚಪ್ಪಲಿಯೊಳಗೆ ಮಡಚಿ ಬಿಚ್ಚುತ್ತಿದ್ದವು.

ಆ ಮಸುಕು ಚಿತ್ರಗಳಲ್ಲಿ ಒಂದನ್ನು ಕೇಳಿ ಪಡೆದೆ. ಚೆನ್ನಾಗಿ ಬಂದವು ಬೇಡ.

ಹೊರಡುವಾಗ ಸುದೇಷ್ಣಾದಿ ನನ್ನ ಫಾರಂ ತಿರುವಿಹಾಕಿದರು. "ನೋಡು, ಇದು ಇನ್ನೊಂದು ವಿಚಿತ್ರ. ಒಂದು ದಿನವೂ ಬಿಡದೆ ತುಂಬಿದ್ದೀಯ, ಎಲ್ಲ ಐದು. ಅಳ್ತಿದ್ದ ದಿನವೂ ಐದು. ಎಷ್ಟು ಹೆಂಗಸರು ಹಿಂಗೇ ಬರೀತಾರೋ!" ಅವರ ಕಣ್ಣು ಒದ್ದೆಯಾಗಿತ್ತು. ನಾನು ಗಂಭೀರವಾಗಿ ತಲೆ ತಗ್ಗಿಸಿದೆ.

ಆಗಸ್ಟ್ 6, ಬುಧವಾರ

ಮಹಾರಾಣಿಯವರೇ, ತಮ್ಮ ಪ್ರಜೆ ಮರಳಿ ಕರ್ತವ್ಯಕ್ಕೆ ಹಾಜರಾಗಿದ್ದಾಳೆ. ಠಾಕುಮಾಳ ಹಲ್ಲುಸೆಟ್ಟು ಈಗ ರವೆಡಬ್ಬಿಯಲ್ಲಿದೆ. ನೋವು ಬಂದಾಗ ಬಿಸಿನೀರಿನ ಚೀಲ ಅಪ್ಪಿಕೊಂಡು ತಮ್ಮನ್ನು ಶಪಿಸುತ್ತೇನೆ, ಕ್ಷಮಿಸಬೇಕು.

ಸುದೇಷ್ಣಾದಿ ಕೊಟ್ಟ ಕಾಗದ ಹಿಡಿದು ದಿದಿ ತನ್ನ ಡಾಕ್ಟರ ಬಳಿ ಹೋದಳು. ಈ ಸಲ ಅವರು ಕೂತು ಓದಿದರು. ಬೇರೆ ಬಗೆಯ ಹಾರ್ಮೋನು, ಬೇರೆ ಪ್ರಮಾಣ, ಮಂಕು ಕವಿದರೆ ಅದೇ ದಿನ ನಿಲ್ಲಿಸಿ ಬಂದು ಹೇಳಬೇಕು, ಹೇಳಿದ್ದನ್ನು ನಂಬಲಾಗುವುದು. ಈ ಕೊನೆಯ ಮಾತು ಅವರ ಬಾಯಿಂದಲೇ ಬಂದದ್ದಂತೆ. ಜುಲೈ ಕೊನೆಯಲ್ಲಿ ಶುರುಮಾಡಿದ್ದಾಳೆ. ಮೊದಲ ಮಾತ್ರೆ ಯಾವುದೆಂದು ನಾನೇ ಬೆರಳಿಟ್ಟು ತೋರಿಸಿದೆ. "ನೀನು ತೋರಿಸೋದಾ!" ಅಂದಳು.

ನಮ್ಮ ಒಪ್ಪಂದ ಇದು: ಪ್ರತಿದಿನ ಸಂಜೆ ಆರಕ್ಕೆ ಅವಳು ಫೋನು ಮಾಡಿ ಒಂದು ಹಾಡಿನ ನಾಲ್ಕು ಸಾಲು ಹಾಡಬೇಕು. ಸಾಲು ಮರೆತರೆ, ಇಲ್ಲವೇ ಫೋನೇ ಬರದಿದ್ದರೆ, ನಾನು ಏನೂ ಕೇಳದೆ ಮೆಟ್ರೋ ಹತ್ತಬೇಕು.

ಇವತ್ತು ಎರಡನೇ ಸಾಲಿನಲ್ಲಿ ನಿಂತಳು. ಮುಂದಿನದು ಬರಲಿಲ್ಲ. ನಾನು ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಠಾಕುಮಾಳದು ಹಾಕಿಕೊಂಡು ಮೆಟ್ಟಿಲಿಳಿದು, ಬೀದಿ ದಾಟಿ, ಟಿಕೆಟಿನ ಸಾಲಿನಲ್ಲಿ ನಿಂತಿದ್ದೆ, ಫೋನು ಇನ್ನೂ ಕಿವಿಗೇ ಇತ್ತು.

"ಎಲ್ಲಿದ್ದೀಯೇ?"

"ಸ್ಟೇಷನ್ನಲ್ಲಿ. ಅಲುಗಾಡ್ಬೇಡ, ಬಂದೆ!"

ಆ ಕಡೆಯಿಂದ ಅದೇ ನಗು, ಸೆರಗು ಬಾಯಿಗೆ ತುರುಕಿಕೊಂಡದ್ದು. "ವಾಪಸ್ ಹೋಗೇ ಕತ್ತೆ. ಬರ್ತೀಯೋ ಇಲ್ವೋ ಅಂತ ನೋಡಿದೆ." ಆಮೇಲೆ ಮೂರು ನಾಲ್ಕನೇ ಸಾಲುಗಳನ್ನು ಪೂರ್ತಿ ಹಾಡಿದಳು. ಸಾಲಿನಲ್ಲಿದ್ದವರು ಸರಿದು ಮುಂದೆ ಹೋದರು, ನಾನು ಎರಡು ಬೇರೆ ಬೇರೆ ಚಪ್ಪಲಿಯಲ್ಲಿ ನಿಂತು ಕೇಳಿದೆ. ಎರಡು ತಲೆಗಳೊಳಗಿನ ನಾಲ್ಕು ಕಡಲಕುದುರೆಗಳಲ್ಲಿ ಎರಡು ಆ ಸಾಲನ್ನು ಹಿಡಿದಿಟ್ಟಿದ್ದವು, ಇನ್ನೆರಡು ಈಗ ಹಿಡಿದಿಟ್ಟುಕೊಳ್ಳುತ್ತಿದ್ದವು. ಅಷ್ಟರೊಳಗೆ ಟಿಕೆಟಿನವನು ಎರಡು ಸಲ ಕೂಗಿದ್ದನಂತೆ.

ಮಸುಕು ಚಿತ್ರಕ್ಕೆ ಚೌಕಟ್ಟು ಹಾಕಿಸಿ ದಿದಿ ತನ್ನ ಅತ್ತೆಯ ಮನೆಯ ಹಜಾರದಲ್ಲಿ ತೂಗುಹಾಕಿದ್ದಾಳೆ. ಯಾರು ಇದು ಎಂದು ಬಂದವರು ಕೇಳಿದರೆ "ನನ್ನ ತಂಗಿ" ಅನ್ನುತ್ತಾಳಂತೆ.

ಕೊನೆಯದಾಗಿ ರಾಣಿಯವರಲ್ಲಿ ಒಂದು ಸಣ್ಣ ಅರಿಕೆ. ಸುದೇಷ್ಣಾದಿ ಮುಂದಿನ ತಿಂಗಳು ಭುವನೇಶ್ವರದ ಸಭೆಯಲ್ಲಿ ನನ್ನ ಫಾರಂ ಬಗ್ಗೆ ಮಾತಾಡುತ್ತಾರಂತೆ. ಒಳಗೆ ಅಳುತ್ತ ಹೊರಗೆ ಐದೇ ಬರೆದ ಹೆಣ್ಣಿನ ಬಗ್ಗೆ. ಅವರಿಗೆ ನಾಳೆ ಹೇಳಬೇಕು. ಆ ಮೂವತ್ತೈದು ಐದುಗಳನ್ನೂ ನಾನು ಜೂನ್ ನಾಲ್ಕನೇ ತಾರೀಖಿನ ಸಂಜೆಯೇ, ಮಂಡಕ್ಕಿ ತಿನ್ನುತ್ತ, ಕೂತಲ್ಲೇ ಒಂದೇ ಏಟಿಗೆ ತುಂಬಿಬಿಟ್ಟಿದ್ದೆ.